ಅಪ್ಪ ಕಡಲು ನೋಡಿದ ದಿನ

ನಮ್ಮಪ್ಪನಿಗೆ ಐವತ್ತೆಂಟು ವರ್ಷ. ಹುಟ್ಟಿದ್ದು, ಬೆಳೆದಿದ್ದು, ಈಜು ಕಲಿತಿದ್ದು, ಎತ್ತು ಮೈ ತೊಳೆದಿದ್ದು ಎಲ್ಲಾ ಕಾವೇರಿ ದಂಡೆಯಲ್ಲೇ. ಕೆ.ಆರ್. ನಗರದಿಂದ ಚುಂಚನಕಟ್ಟೆ ಕಡೆಗೆ ಹೋದರೆ ಹೊಳೆ ಪಕ್ಕದಲ್ಲೇ ಸಿಗುವ ಊರು ನಮ್ಮದು. ಇಷ್ಟು ವರ್ಷ ನೀರಿನ ಪಕ್ಕದಲ್ಲೇ ಬಾಳಿದರೂ ಅಪ್ಪ ಕಡಲನ್ನು ಮೊದಲ ಸಲ ನೋಡಿದ್ದು 2024ರ ಮಾರ್ಚ್ ತಿಂಗಳಲ್ಲಿ.

ನಮ್ಮ ಕಡೆಯವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಯಾವ ಮನೆಯವರನ್ನಾದರೂ ಕೇಳಿ. ಧರ್ಮಸ್ಥಳಕ್ಕೆ ಹತ್ತು ಸಲ ಹೋಗಿರುತ್ತಾರೆ. ಸುಬ್ರಹ್ಮಣ್ಯಕ್ಕೆ ಹೋಗಿರುತ್ತಾರೆ. ನೇತ್ರಾವತಿಯಲ್ಲಿ ಮುಳುಗಿ, ಊಟ ಮಾಡಿ, ರಾತ್ರಿ ಬಸ್ಸಿಗೆ ವಾಪಸ್. ಅದೇ ನೇತ್ರಾವತಿ ಇನ್ನೆರಡು ಗಂಟೆ ದಾರಿ ಹೋದರೆ ಮಂಗಳೂರಿನಲ್ಲಿ ಕಡಲಿಗೆ ಸೇರುತ್ತದೆ. ಅಲ್ಲಿವರೆಗೆ ಹೋಗಿ ಬಂದವರು ಕಮ್ಮಿ. ದೇವರಿಗೆ ಹರಕೆ ಇರುತ್ತದೆ, ಕಡಲಿಗೆ ಯಾರ ಹರಕೆಯೂ ಇರುವುದಿಲ್ಲ.

ಆ ವರ್ಷ ಮನೆಯಲ್ಲಿ ಕೆಲಸವೂ ಇರಲಿಲ್ಲ. 2023ರ ಮಳೆ ಕೈಕೊಟ್ಟಿತ್ತು. ನಾಡಿನ 223 ತಾಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ನಮ್ಮ ಗದ್ದೆಗೆ ಬೇಸಿಗೆ ಬೆಳೆಗೆ ನೀರಿರಲಿಲ್ಲ. ಹೊಳೆಯಲ್ಲಿ ಬಂಡೆಗಳು ಎದ್ದು ಕಾಣುತ್ತಿದ್ದವು. ಶಿವರಾತ್ರಿ ಮುಗಿದಿತ್ತು. ನನ್ನ ಜೊತೆ ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದ ಗೆಳತಿಯ ಊರು ಮಂಗಳೂರಿನ ಆಚೆ ಹಳೆಯಂಗಡಿ. "ಅಪ್ಪ ಅಮ್ಮನನ್ನು ಕರ್ಕೊಂಡು ಬಾ, ನಮ್ಮಲ್ಲಿ ಸಸಿಹಿತ್ಲು ಅಂತ ಬೀಚ್ ಉಂಟು, ಜನ ಕಮ್ಮಿ" ಅಂತ ಎರಡು ವರ್ಷದಿಂದ ಕರೆಯುತ್ತಿದ್ದಳು. ಅವ್ವನಿಗೆ ಹೇಳಿದೆ. ಅವ್ವ ಕೇಳಿದ್ದು ಒಂದೇ ಮಾತು, "ಸರ್ಕಾರಿ ಬಸ್ಸು ಹೋಗ್ತದಾ?"

ಶಕ್ತಿ ಯೋಜನೆ ಬಂದು ಆಗ ಒಂಬತ್ತು ತಿಂಗಳು. ಅವ್ವ, ನಾನು ಇಬ್ಬರೂ ಆಧಾರ್ ಕಾರ್ಡು ಹಿಡಿದು ಕೂತೆವು. ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದು ಅಪ್ಪ ಒಬ್ಬನೇ.

ಹುಣಸೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದೆವು. ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ. ಕುಶಾಲನಗರದ ಹತ್ತಿರ ಕಾವೇರಿ ಸೇತುವೆ ದಾಟುವಾಗ ಅಪ್ಪ ಕಿಟಕಿಯಿಂದ ಬಗ್ಗಿ ನೋಡಿದ. "ಇಲ್ಲೂ ಅಷ್ಟೇ, ಏನೂ ಇಲ್ಲ" ಅಂದ. ನೀರಿನ ಬಗ್ಗೆ ಹೇಳಿದ್ದು ಅಂತ ಆಗ ನಾನು ಅಂದುಕೊಂಡೆ.

ಮಡಿಕೇರಿ ದಾಟಿದ ಮೇಲೆ ರಸ್ತೆ ಸಂಪಾಜೆ ಕಡೆಗೆ ಇಳಿಯುತ್ತದೆ. ಇಲ್ಲಿ ಒಂದು ವಿಷಯ ಇದೆ, ಆ ದಾರಿಯಲ್ಲಿ ಹೋದಾಗ ನೀವೂ ಗಮನಿಸಿ. ಬೆಟ್ಟದ ಈ ಮಗ್ಗುಲಿಗೆ ಬಿದ್ದ ಮಳೆ ಕಾವೇರಿ ಸೇರಿ, ನಮ್ಮೂರು ಹಾದು, ಕೆಆರ್‌ಎಸ್ ಹಾದು, ತಮಿಳುನಾಡಿನ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಆ ಮಗ್ಗುಲಿಗೆ ಬಿದ್ದ ಮಳೆ ಪಯಸ್ವಿನಿ ಆಗಿ, ಸುಳ್ಯ ಹಾದು, ಕಾಸರಗೋಡಿನ ಹತ್ತಿರ ಚಂದ್ರಗಿರಿ ಅನ್ನುವ ಹೆಸರಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ಹೊಳೆಯ ನೀರು ಕಡಲು ಮುಟ್ಟಲು ಇಡೀ ದಕ್ಷಿಣ ಭಾರತವನ್ನು ಅಡ್ಡ ಹಾಯಬೇಕು. ನಾವು ಅದರ ಉಲ್ಟಾ ದಿಕ್ಕಿಗೆ, ಇನ್ನೂರು ಕಿಲೋಮೀಟರಿನಷ್ಟು ದೂರದ ಕಡಲಿಗೆ ಹೊರಟಿದ್ದೆವು. ಅಪ್ಪನಿಗೆ ಇದನ್ನು ಹೇಳಿದೆ. "ಅಂಗಾದ್ರೆ ನಮ್ ಹೊಳೆ ಹೋಗೋದು ಈ ಕಡಲಿಗಲ್ಲ" ಅಂದ. ಏನೋ ಸ್ವಲ್ಪ ನಿರಾಳ ಆದ ಹಾಗೆ ಕಂಡಿತು.

ಮಂಗಳೂರಿನಿಂದ ಹಳೆಯಂಗಡಿಗೆ ಖಾಸಗಿ ಬಸ್ಸು. ಕಂಡಕ್ಟರ್ ಬಂದಾಗ ಅವ್ವ ಆಧಾರ್ ಕಾರ್ಡು ತೋರಿಸಿದಳು. ಅವನು ನಕ್ಕು, "ಅದು ಇದರಲ್ಲಿ ನಡೆಯುವುದಿಲ್ಲ ಅಮ್ಮ" ಅಂದ. ಮೂವರಿಗೂ ಟಿಕೆಟ್ ಆಯಿತು. ಅವ್ವನಿಗೆ ಸುರತ್ಕಲ್ ದಾಟುವವರೆಗೂ ಸಮಾಧಾನ ಇರಲಿಲ್ಲ.

ಗೆಳತಿಯ ಮನೆಯಲ್ಲಿ ತುಳು ಮಾತಾಡುತ್ತಾರೆ. ನಮ್ಮ ಜೊತೆ ಪುಸ್ತಕದಲ್ಲಿ ಬರೆದ ಹಾಗೆ ಕನ್ನಡ. ಅವಳ ಅಪ್ಪ ಮೊದಲು ಮೀನುಗಾರಿಕೆ ಬೋಟಿನಲ್ಲಿ ದುಡಿದವರು, ಈಗ ಮೊಣಕಾಲು ನೋವಿಗೆ ಬಿಟ್ಟಿದ್ದಾರೆ. "ಬನ್ನಿ ಬನ್ನಿ, ದಾರಿ ಸಿಕ್ಕಿತಾ, ಕುತ್ಕೊಳ್ಳಿ" ಅಂದರು. ಅವಳಮ್ಮ ಮರುವಾಯಿ ಪುಂಡಿ ಮಾಡಿದ್ದರು. ಮರುವಾಯಿ ಅಂದರೆ ಹೊಳೆ ಕಡಲಿಗೆ ಸೇರುವ ಕಡೆ ಮರಳಿನಲ್ಲಿ ಸಿಗುವ ಚಿಪ್ಪಿನೊಳಗಿನ ಮಾಂಸ. ಅಕ್ಕಿ ಉಂಡೆ ಜೊತೆ ತೆಂಗಿನಕಾಯಿ ಮಸಾಲೆಯಲ್ಲಿ ಬೇಯಿಸುತ್ತಾರೆ. ಅವ್ವ ಒಂದು ಉಂಡೆ ತಿಂದು, "ಮುದ್ದೆನ ಸಣ್ಣಕ್ಕೆ ಕಟ್ಟಿ ಸಾರಲ್ಲಿ ಹಾಕವ್ರೆ" ಅಂತ ನನ್ನ ಕಿವಿಯಲ್ಲಿ ಹೇಳಿ, ಇನ್ನೂ ನಾಲ್ಕು ಹಾಕಿಸಿಕೊಂಡಳು.

ಬಿಸಿಲು ಇಳಿದ ಮೇಲೆ ಆಟೋದಲ್ಲಿ ಸಸಿಹಿತ್ಲಿಗೆ ಹೋದೆವು. ಅದು ಸಣ್ಣ ಪಟ್ಟಿಯ ಹಾಗಿರುವ ನೆಲ. ಒಂದು ಕಡೆ ನಂದಿನಿ ನದಿ, ಇನ್ನೊಂದು ಕಡೆ ಕಡಲು. ನಡುವೆ ತೆಂಗು, ಮನೆಗಳು, ಕೊನೆಗೆ ಸರ್ವೆ ಮರಗಳ ತೋಪು. ಅವರು ಅದಕ್ಕೆ ಗಾಳಿಮರ ಅನ್ನುತ್ತಾರೆ. ಇನ್ನೂ ಮುಂದೆ ಹೋದರೆ ನಂದಿನಿ, ಶಾಂಭವಿ ಎರಡು ನದಿ ಸೇರಿ ಕಡಲಿಗೆ ಬೀಳುವ ಅಳಿವೆ. 2016ರಿಂದ ಇಲ್ಲಿ ಅಲೆಗಳ ಮೇಲೆ ಹಲಗೆ ಹಿಡಿದು ಆಡುವ ಸರ್ಫಿಂಗ್ ಪಂದ್ಯಗಳು ನಡೆದಿವೆ. ಆಗ ಜಾತ್ರೆಯಂತೆ ಜನ ಇರುತ್ತಾರಂತೆ. ನಾವು ಹೋದದ್ದು ವಾರದ ನಡುವಿನ ದಿನ. ಅಂಗಡಿ ಇಲ್ಲ, ಹಾಡಿಲ್ಲ. ದೂರದಲ್ಲಿ ಬಲೆ ಬಿಡಿಸುತ್ತಿದ್ದ ಇಬ್ಬರು, ಒಂದು ನಾಯಿ, ನಾವು ಆರು ಜನ.

ಸರ್ವೆ ತೋಪು ದಾಟುವ ಮೊದಲೇ ಶಬ್ದ ಕೇಳಿಸಿತು. ಅವ್ವ ನಿಂತುಬಿಟ್ಟಳು. "ಚುಂಚನಕಟ್ಟೆ ಧುಮುಕಿದಂಗೆ ಕೇಳ್ತದಲ್ಲ" ಅಂದಳು. ತೋಪು ದಾಟಿದಾಗ ಕಡಲು ಕಂಡಿತು. ಅವ್ವ ಚಪ್ಪಲಿ ಬಿಟ್ಟು ಕೈಮುಗಿದಳು. ಅಪ್ಪ ಕಡಲನ್ನು ನೋಡಲಿಲ್ಲ. ಕಾಲ ಕೆಳಗೆ ನೋಡಿದ.

ಮರಳು. ಎಡಕ್ಕೆ ನೋಡಿದರೆ ಕಣ್ಣು ಸೋಲುವವರೆಗೆ, ಬಲಕ್ಕೆ ನೋಡಿದರೆ ಅಳಿವೆಯವರೆಗೆ. ಅದರ ಮೇಲೆ ಚಕ್ರದ ಗುರುತಿಲ್ಲ, ಗುಂಡಿಯಿಲ್ಲ. ಸಣ್ಣ ಏಡಿಗಳು ಓಡಿದ ಗೆರೆ ಮಾತ್ರ.

ಅಪ್ಪ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ತೆಗೆದುಕೊಂಡ. ಅಂಗೈಯಲ್ಲಿ ಹರಡಿದ. ಹೆಬ್ಬೆರಳಲ್ಲಿ ಉಜ್ಜಿದ. ಮೂಗಿನ ಹತ್ತಿರ ತಂದ. ಅಂಗಡಿಯಲ್ಲಿ ಅಕ್ಕಿ ನೋಡುವವರ ಹಾಗೆ. ಆಮೇಲೆ, "ಬಾಳ ನುಣ್ಣುಗದೆ. ಉಪ್ಪು ಬೇರೆ. ಇದ ಹಾಕುದ್ರೆ ಕಂಬಿ ತುಕ್ಕು ಹಿಡಿತದೆ. ಕೆಲಸಕ್ಕೆ ಬರಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೇ ಉಳಿದಿರಾದು" ಅಂದ.

ಇಲ್ಲಿ ನಮ್ಮ ಮನೆಯ ವಿಷಯ ಹೇಳಬೇಕು. ಇಷ್ಟು ದಿನ ಬರೆಯದೆ ಇದ್ದದ್ದು.

ನಾನು ಚಿಕ್ಕವಳಿದ್ದಾಗ ನಮ್ಮೂರ ಹೊಳೆಗೂ ಮರಳು ಇತ್ತು. ಬೇಸಿಗೆಯಲ್ಲಿ ನೀರು ಒಂದು ಬದಿಗೆ ಸರಿದರೆ ಇನ್ನೊಂದು ಬದಿ ಬಿಳಿ ಬಯಲು. ಅಲ್ಲಿ ಕಬಡ್ಡಿ ಆಡುತ್ತಿದ್ದೆವು. ಹೆಂಗಸರು ಬಟ್ಟೆ ಒಗೆದು ಮರಳ ಮೇಲೆ ಹರಡುತ್ತಿದ್ದರು. ಒಂದು ಮೊಳ ಬಗೆದರೆ ಕುಡಿಯುವ ನೀರು ಬರುತ್ತಿತ್ತು. ನೀವು ಲಕ್ಷ್ಮಣತೀರ್ಥದ ದಂಡೆಯವರಾದರೂ, ಕಪಿಲೆ ದಂಡೆಯವರಾದರೂ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಇಂಥದ್ದೇ ಒಂದು ಜಾಗ ಹೇಳುತ್ತಾರೆ.

ಆಮೇಲೆ ಟ್ರ್ಯಾಕ್ಟರುಗಳು ಬಂದವು. ಮೊದಲು ಹಗಲಲ್ಲಿ, ಆಮೇಲೆ ರಾತ್ರಿ. ಅಪ್ಪ ಇನ್ನೊಬ್ಬರ ಜೊತೆ ಪಾಲಿನಲ್ಲಿ ಒಂದು ಟ್ರ್ಯಾಕ್ಟರು ಇಟ್ಟುಕೊಂಡಿದ್ದ. ಗದ್ದೆ ಉಳಲು ಅಂತ ತಂದದ್ದು. ಹೆಚ್ಚು ಓಡಿದ್ದು ಹೊಳೆಗೆ. ಮಂಕರಿಯಲ್ಲಿ ಮರಳು ತುಂಬಿ, ಬೆಳಗಾಗುವುದರೊಳಗೆ ಲೋಡು ಇಳಿಸಿ ಬರುತ್ತಿದ್ದ. ಸಿಕ್ಕಿಬಿದ್ದು ದಂಡ ಕಟ್ಟಿದ್ದೂ ಉಂಟು. ಯಾರಾದರೂ ಕೇಳಿದರೆ ಅವನದು ಒಂದೇ ಮಾತು. "ಮಳೆ ಬಂದ್ರೆ ಕೊಡಗಿಂದ ಮತ್ತೆ ಬತ್ತದೆ ಬುಡು."

ಅದು ಪೂರ್ತಿ ಸುಳ್ಳೂ ಅಲ್ಲ. ಬೆಟ್ಟದ ಕಲ್ಲು ಸವೆದು, ಮಳೆಗೆ ಕೊಚ್ಚಿ ಬಂದೇ ಮರಳು ಆಗುವುದು. ಆದರೆ ಕಲ್ಲು ಮರಳಾಗಲು ಹಿಡಿಯುವ ಕಾಲ ಬೇರೆ, ಟ್ರ್ಯಾಕ್ಟರು ತುಂಬಲು ಹಿಡಿಯುವ ಕಾಲ ಬೇರೆ. ಜೊತೆಗೆ ಹೊಳೆಗೆ ಅಡ್ಡ ಅಣೆಕಟ್ಟು ಇದ್ದರೆ ಮೇಲಿಂದ ಬರುವ ಮರಳಿನಲ್ಲಿ ಬಹಳಷ್ಟು ಅಲ್ಲೇ ತಂಗುತ್ತದೆ. ಹತ್ತು ವರ್ಷ ಕಳೆಯುವುದರೊಳಗೆ ನಮ್ಮೂರ ದಂಡೆಯಲ್ಲಿ ಕೆಸರು, ಬಂಡೆ, ಜೊಂಡು ಉಳಿದವು.

ಆ ದುಡ್ಡಿನಲ್ಲೇ ನನ್ನ ಪಿಯುಸಿ ಹಾಸ್ಟೆಲ್ ಫೀಸು ಕಟ್ಟಿದ್ದು. ಆ ಮರಳಿನಲ್ಲೇ ನಮ್ಮ ಮನೆಯ ತಾರಸಿ ಹಾಕಿದ್ದು. ನಾನು ಪತ್ರಿಕೋದ್ಯಮ ಓದುವಾಗ ಮರಳು ದಂಧೆ ಬಗ್ಗೆ ಪ್ರಾಜೆಕ್ಟ್ ಮಾಡಿ ಒಳ್ಳೆ ಅಂಕ ತೆಗೆದೆ. ಬೇರೆ ತಾಲೂಕಿನ ಹೊಳೆ ಬಗ್ಗೆ.

ನಾನು ಎರಡನೇ ಪಿಯುಸಿಯಲ್ಲಿದ್ದಾಗ ಒಂದು ಭಾನುವಾರ ನಮ್ಮೂರ ಹುಡುಗ, ಎಂಟನೇ ಕ್ಲಾಸು, ಎಮ್ಮೆ ಮೈ ತೊಳೆಯಲು ಹೊಳೆಗೆ ಇಳಿದ. ಅಲ್ಲಿ ಮೊಣಕಾಲುದ್ದ ನೀರು ಅಂತ ಊರಿಗೆಲ್ಲ ಗೊತ್ತಿದ್ದ ಜಾಗ. ನೀರಿನ ಕೆಳಗೆ ಮರಳು ತೆಗೆದ ಗುಂಡಿ ಇತ್ತು. ಮೇಲಿಂದ ಕಾಣುವುದಿಲ್ಲ. ಸಂಜೆ ಹೊತ್ತಿಗೆ ಸಿಕ್ಕಿದ. ಆ ಗುಂಡಿ ಯಾರು ತೆಗೆದದ್ದು ಅಂತ ಯಾರೂ ಕೇಳಲಿಲ್ಲ. ಐದಾರು ಟ್ರ್ಯಾಕ್ಟರು ಓಡುತ್ತಿದ್ದ ಕಾಲ. ಒಂದು ತಿಂಗಳಲ್ಲಿ ಅಪ್ಪ ತನ್ನ ಪಾಲು ಮಾರಿದ. ಸೊಂಟ ನೋವು ಅಂತ ಕಾರಣ ಹೇಳಿದ. ಅದರ ಬಗ್ಗೆ ನಮ್ಮ ಮನೆಯಲ್ಲಿ ಮಾತು ಬರಲಿಲ್ಲ. ಹತ್ತು ವರ್ಷ ಆಯಿತು.

ಸಸಿಹಿತ್ಲಿನಲ್ಲಿ ಅವ್ವ ನೀರಿಗೆ ಹೊರಟಳು. ಎಲೆ, ಅಡಿಕೆ, ಅರಿಶಿನ, ಕುಂಕುಮ, ಹೂವು ತಂದಿದ್ದಳು. ಗೆಳತಿಯ ಅಮ್ಮ, "ಹೂವು ಎಲೆ ಬಿಡಿ, ಪ್ಲಾಸ್ಟಿಕ್ ಕವರ್ ನಮಗೆ ಕೊಡಿ" ಅಂತ ಕವರ್ ಇಸಿದುಕೊಂಡರು. ಅಷ್ಟರಲ್ಲಿ ಅಪ್ಪ, "ತಡಿ" ಅಂತ ಕೂಗಿದ. ತೋಪಿನಿಂದ ಒಂದು ಉದ್ದದ ಸರ್ವೆ ಕೊಂಬೆ ತಂದ. ಪ್ಯಾಂಟು ಮಡಿಸಿ ತಾನು ಮುಂದೆ ಇಳಿದ. ಒಂದು ಹೆಜ್ಜೆ ಇಡುವುದು, ಕೊಂಬೆ ಚುಚ್ಚುವುದು. ಇನ್ನೊಂದು ಹೆಜ್ಜೆ, ಮತ್ತೆ ಚುಚ್ಚುವುದು. ಎಡಕ್ಕೆ ಹತ್ತು ಮಾರು, ಬಲಕ್ಕೆ ಹತ್ತು ಮಾರು. ಅಲೆ ಬಂದು ಸೊಂಟದವರೆಗೆ ನೆನೆದ. ಗೆಳತಿ ನಕ್ಕಳು, "ಅಂಕಲ್, ಅಲ್ಲಿ ಗುಂಡಿ ಇಲ್ಲ, ನಾವು ದಿನಾ ಬರುವ ಜಾಗ" ಅಂದಳು. ಅಪ್ಪ ಉತ್ತರ ಕೊಡಲಿಲ್ಲ. ಪೂರಾ ನೋಡಿ ಮುಗಿಸಿದ ಮೇಲೆ ಅವ್ವನ ಕೈ ಹಿಡಿದು ಪಾದ ನೆನೆಯುವವರೆಗೆ ಮಾತ್ರ ಬಿಟ್ಟ.

ನಾನು ನಗಲಿಲ್ಲ. ನನಗೆ ಎದೆಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು.

ಅವ್ವ ನೀರನ್ನು ತಲೆಗೆ ಚಿಮುಕಿಸಿಕೊಂಡು, ಬಾಯಿಗೆ ಹಾಕಿ ಉಗಿದು, "ಅಯ್ಯಯ್ಯೋ, ಇಷ್ಟೊಂದು ಉಪ್ಪಾ" ಅಂತ ಮಗುವಿನ ಹಾಗೆ ನಕ್ಕಳು. ಅಷ್ಟು ನಕ್ಕಿದ್ದನ್ನು ನಾನು ನೋಡಿ ಬಹಳ ದಿನ ಆಗಿತ್ತು.

ಅಳಿವೆ ಕಡೆಗೆ ನಡೆದೆವು. ಗೆಳತಿಯ ಅಪ್ಪ ದೂರದಿಂದಲೇ ತೋರಿಸಿದರು. "ಅಲ್ಲಿ ಮಾತ್ರ ಇಳಿಯುವುದು ಬೇಡ ಮಾರಾಯ್ರೆ. ಹೊಳೆಯ ನೀರು, ಕಡಲಿನ ನೀರು ಒಟ್ಟಾಗುವ ಜಾಗ. ಸೆಳೆತ ಉಂಟು." ನೀವು ಯಾವ ಬೀಚಿಗೆ ಹೋದರೂ ಈ ಮಾತು ನೆನಪಿರಲಿ. ನಮ್ಮ ಕಡೆಯ ಹುಡುಗರು ಹೊಳೆಯಲ್ಲಿ ಈಜು ಬರುತ್ತದೆ ಅನ್ನುವ ಧೈರ್ಯದಲ್ಲಿ ಕಡಲಿಗೆ ಇಳಿಯುತ್ತಾರೆ. ಹೊಳೆ ಈಜು ಕಡಲಿನ ಸೆಳೆತಕ್ಕೆ ಸಾಕಾಗುವುದಿಲ್ಲ. ಅಲ್ಲಿಯವರನ್ನು ಕೇಳದೆ ಇಳಿಯಬೇಡಿ.

ದಾರಿಯಲ್ಲಿ ಒಂದು ಕಡೆ ಮರಳಿನ ಮೇಲೆ ಕೋಲು ನೆಟ್ಟು ಸುತ್ತ ಬಲೆ ಕಟ್ಟಿದ್ದರು. ಒಳಗೆ ಏನೂ ಕಾಣುವುದಿಲ್ಲ. ಅದು ಆಲಿವ್ ರಿಡ್ಲಿ ಅನ್ನುವ ಕಡಲಾಮೆಯ ಮೊಟ್ಟೆ ಗೂಡು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಸಸಿಹಿತ್ಲು, ತಣ್ಣೀರುಬಾವಿ ಕಡೆಯ ಮರಳಿನಲ್ಲಿ ಬಹಳ ವರ್ಷಗಳ ಮೇಲೆ ಇಂಥ ಗೂಡುಗಳು ಸಿಕ್ಕಿದ್ದವು. ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು, ಹಿಂಗಾಲಿನಲ್ಲಿ ಮರಳು ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ ಹೋಗಿಬಿಡುತ್ತದೆ. ಕಾವು ಕೊಡುವುದು ಬಿಸಿಲು ಕಾಯಿಸಿದ ಮರಳು. ಒಂದೂವರೆಯಿಂದ ಎರಡು ತಿಂಗಳಿಗೆ ಮರಿ. ಮರಳು ಬೆಚ್ಚಗಿದ್ದರೆ ಹೆಣ್ಣು ಮರಿ ಜಾಸ್ತಿ, ತಂಪಿದ್ದರೆ ಗಂಡು ಜಾಸ್ತಿ. ದೊಡ್ಡದಾದ ಹೆಣ್ಣು ಮತ್ತೆ ತಾನು ಹುಟ್ಟಿದ ಸೀಮೆಯ ಮರಳಿಗೇ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಹುಲಿಯಷ್ಟೇ ರಕ್ಷಣೆ ಇದೆ. ಮೊಟ್ಟೆ ಮುಟ್ಟುವ ಹಾಗಿಲ್ಲ. ರಾತ್ರಿ ದಡದಲ್ಲಿ ಟಾರ್ಚು, ದೊಡ್ಡ ಲೈಟು ಹಾಕಿದರೆ ಮರಿಗಳು ಕಡಲೆಂದು ತಿಳಿದು ಬೆಳಕಿನ ಕಡೆಗೆ ಹೋಗಿ ಸಾಯುತ್ತವೆ.

ಅಪ್ಪ ಬಲೆಯ ಮುಂದೆ ನಿಂತು ಕೇಳಿದ. "ಮರಳು ಇಲ್ದಿದ್ರೆ ಎಲ್ಲಿ ಇಡ್ತದೆ?"

"ಇಡುವುದಿಲ್ಲ" ಅಂದರು ಗೆಳತಿಯ ಅಪ್ಪ. "ವಾಪಸ್ ಹೋಗ್ತದೆ."

ಅವರು ಮುಂದುವರಿಸಿದರು. ಮಳೆಗಾಲದಲ್ಲಿ ಈ ಮರಳು ಇಷ್ಟು ಇರುವುದಿಲ್ಲವಂತೆ. ಜೂನ್, ಜುಲೈಯಲ್ಲಿ ಕಡಲು ದಡವನ್ನು ಕೊರೆದು ಮರಳನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ಸ್ವಲ್ಪ ಸ್ವಲ್ಪ ತಂದು ಹಾಕುತ್ತವೆ. "ಕಡಲು ತಗೊಂಡದ್ದನ್ನು ಕೊಡ್ತದೆ. ಲಾರಿ ತಗೊಂಡದ್ದು ಬರುವುದಿಲ್ಲ ನೋಡಿ" ಅಂದರು. ಈ ಕಡಲಿನ ಮರಳೂ ಘಟ್ಟದಿಂದ ಹೊಳೆಗಳು ತಂದು ಕೊಟ್ಟದ್ದೇ. ಹೊಳೆಯಲ್ಲಿ, ಅಳಿವೆಯಲ್ಲಿ ಮರಳು ಜಾಸ್ತಿ ತೆಗೆದರೆ ದಡಕ್ಕೆ ಬರುವುದು ಕಮ್ಮಿ ಆಗುತ್ತದೆ, ಕಡಲ್ಕೊರೆತ ಜಾಸ್ತಿ ಆಗುತ್ತದೆ. ಮಂಗಳೂರಿನ ಆಚೆ ಉಳ್ಳಾಲದಲ್ಲಿ ಮನೆಗಳನ್ನು ಉಳಿಸಲು ದಡಕ್ಕೆ ಕಲ್ಲು ಸುರಿದಿದ್ದಾರೆ. ಕಡಲ್ಕೊರೆತಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಮರಳಿನ ಲೆಕ್ಕ ತಪ್ಪುವುದು ಅದರಲ್ಲಿ ಒಂದು.

ಆಮೇಲೆ ಮೀನಿನ ಮಾತು ಬಂತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಮೀನು ಹಿಡಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ.

"ಯಾರೂ ಕದ್ದು ಹೋಗಕ್ಕಿಲ್ವಾ?" ಅಪ್ಪ ಕೇಳಿದ.

"ಇಲ್ಲ ಅಂತ ಹೇಳಿದರೆ ಸುಳ್ಳಾಗ್ತದೆ. ಆದರೆ ಹೆಚ್ಚಿನವರು ಹೋಗುವುದಿಲ್ಲ. ಆ ಎರಡು ತಿಂಗಳು ನಮಗೆ ಕಷ್ಟವೇ. ಮಕ್ಕಳ ಶಾಲೆ ಶುರುವಾಗುವ ಟೈಮು, ಕೈಯಲ್ಲಿ ದುಡ್ಡಿಲ್ಲ. ಆದರೆ ಮೊಟ್ಟೆ ಇಡುವ ಮೀನನ್ನೇ ಹಿಡಿದರೆ ಮತ್ತೆ ಏನು ಹಿಡಿಯುವುದು?"

ಅಪ್ಪ ತಲೆ ಆಡಿಸಿದ. ಅಲ್ಲಿಂದ ಮನೆಗೆ ಬರುವವರೆಗೂ ಮಾತಾಡಲಿಲ್ಲ.

ಮರುದಿನ ಬೆಳಕು ಹರಿಯುವಾಗ ಅಪ್ಪ ಎಬ್ಬಿಸಿದ. "ಇನ್ನೊಂದ್ಸಲ ಹೋಗ್ಬರಾನ ನಡಿ." ನಾವಿಬ್ಬರೇ ಹೋದೆವು. ರಾತ್ರಿ ನೀರು ಬಂದು ಹೋಗಿ ನಮ್ಮ ಹೆಜ್ಜೆಗಳೆಲ್ಲ ಅಳಿಸಿದ್ದವು. ಯಾರೂ ಬಂದೇ ಇಲ್ಲವೇನೋ ಅನ್ನುವ ಹಾಗೆ ದಡ ಚೊಕ್ಕಟವಾಗಿತ್ತು.

ಕೂತಾಗ ನಾನು ಅಪ್ಪನಿಗೆ ಇಂಗ್ಲೆಂಡಿನ ಒಂದು ಊರಿನ ಕತೆ ಹೇಳಿದೆ. ಪ್ರಾಜೆಕ್ಟಿಗಾಗಿ ಓದಿದ್ದು. ಡೆವನ್ ಅನ್ನುವ ಜಿಲ್ಲೆಯ ಕಡಲ ದಂಡೆಯಲ್ಲಿ ಹಾಲ್‌ಸ್ಯಾಂಡ್ಸ್ ಅಂತ ಮೀನುಗಾರರ ಊರು. ಮೂವತ್ತೇಳು ಮನೆ. ಊರಿನ ಮುಂದೆ ಗುಂಡುಕಲ್ಲು, ಮರಳಿನ ದೊಡ್ಡ ದಡ. 1897ರಲ್ಲಿ ಪ್ಲಿಮತ್ ಹತ್ತಿರ ನೌಕಾಪಡೆಯ ಹಡಗುಕಟ್ಟೆ ದೊಡ್ಡದು ಮಾಡಲು ಕಾಂಕ್ರೀಟಿಗೆ ಅಂತ ಆ ಊರಿನ ಮುಂದಿನಿಂದ ಮರಳು, ಕಲ್ಲು ತೆಗೆಯಲು ಶುರು ಮಾಡಿದರು. ಊರವರು ಬೇಡ ಅಂದರು. ತೆಗೆಯುವವರ ಕಡೆಯವರು, ಕಡಲು ಮತ್ತೆ ತಂದು ತುಂಬುತ್ತದೆ ಅಂದರು. ಸುಮಾರು 6,50,000 ಟನ್ ತೆಗೆದರು. ದಡ ಆಳಾಗುತ್ತಾ ಬಂತು, ಮನೆಗಳು ಬಿರುಕು ಬಿಟ್ಟವು. 1902ರಲ್ಲಿ ನಿಲ್ಲಿಸಿದರು. ಆದರೆ ಹೋದದ್ದು ಬರಲಿಲ್ಲ. 1917ರ ಜನವರಿ 26ರ ರಾತ್ರಿ ಬಿರುಗಾಳಿಗೆ ಕಡಲು ನೇರ ಮನೆಗಳಿಗೆ ನುಗ್ಗಿತು. ಜನ ಗುಡ್ಡ ಹತ್ತಿ ಬದುಕಿಕೊಂಡರು. ಇರಲು ಯೋಗ್ಯ ಅಂತ ಉಳಿದದ್ದು ಒಂದೇ ಮನೆ. ಈಗ ಅಲ್ಲಿ ಮುರಿದ ಗೋಡೆಗಳಿವೆ.

ಅಪ್ಪ ಪೂರ್ತಿ ಕೇಳಿದ. "ಅವ್ರೂ ಮತ್ತೆ ಬತ್ತದೆ ಅಂತಾನೇ ಅಂದಿದ್ರಾ?"

"ಹೂಂ ಅಪ್ಪ."

ಸ್ವಲ್ಪ ಹೊತ್ತು ಅಲೆ ನೋಡಿದ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದ.

"ಆ ಗುಂಡಿ ನಮ್ದೋ, ಇನ್ನೊಬ್ರುದೋ, ದೇವ್ರಾಣೆ ಗೊತ್ತಿಲ್ಲ ಕಣವ್ವ. ಕತ್ಲಲ್ಲಿ ತುಂಬ್ತಿದ್ದೋ. ಆವತ್ತಿನ ಹಿಂದ್ಲ ವಾರ ನಾವೂ ಅಲ್ಲೇ ತುಂಬಿದ್ದೋ. ಅಷ್ಟು ಗೊತ್ತು. ಅವರಪ್ಪ ಈಗ್ಲೂ ನನ್ನ ಕಂಡ್ರೆ ಬೀಡಿ ಕೊಡ್ತಾನೆ. ನಾನ್ ಇಸ್ಕತೀನಿ."

ನಾನು ಏನೂ ಹೇಳಲಿಲ್ಲ. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ನನ್ನ ಓದಿನ ಫೀಸು ಯಾವ ತಿಂಗಳು ಕಟ್ಟಿದ್ದು ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಅಪ್ಪನ ಕೈ ಹಿಡಿದುಕೊಂಡೆ. ಮರಳು ಮಂಕರಿ ಹೊತ್ತು ಗೆಣ್ಣೆಲ್ಲ ಗಡುಸಾದ ಕೈ.

ಎದ್ದು ಹೊರಡುವಾಗ ಅಪ್ಪ ಪ್ಯಾಂಟಿಗೆ ಅಂಟಿದ ಮರಳನ್ನು ಅಲ್ಲೇ ಕೊಡವಿದ. ಹಿಂದಿನ ದಿನ ಅವ್ವ ಊರವರಿಗೆ ತೋರಿಸಬೇಕು ಅಂತ ಸೆರಗಿನಲ್ಲಿ ಒಂದು ಹಿಡಿ ಮರಳು, ನಾಲ್ಕು ಚಿಪ್ಪು ಗಂಟು ಹಾಕಿಕೊಂಡಿದ್ದಳು. ಮನೆಗೆ ಹೋದಾಗ ಅಪ್ಪ, "ಚಿಪ್ಪು ಇಟ್ಕೊ, ಮರಳು ಬುಡು" ಅಂದ. ಅವ್ವ ಬೈದಳು. ಒಂದು ಹಿಡಿಯಿಂದ ಏನಾಗುತ್ತೆ ಅಂದಳು. ಅಪ್ಪ ವಾದ ಮಾಡಲಿಲ್ಲ. ಆ ಮರಳು ಊರಿಗೆ ಬಂತು. ಈಗಲೂ ನಮ್ಮ ದೇವರ ಗೂಡಿನಲ್ಲಿ ಒಂದು ಸಣ್ಣ ಡಬ್ಬಿಯಲ್ಲಿದೆ.

ಊರಿಗೆ ಬಂದ ಮೇಲಿನದನ್ನೂ ಹೇಳಿಬಿಡುತ್ತೇನೆ. ಆ ಬೇಸಿಗೆ ಹೊಳೆ ಬತ್ತಿ ತಳ ಕಾಣುತ್ತಿತ್ತಲ್ಲ, ಹಳೆ ಗುಂಡಿಗಳು ಎಲ್ಲಿವೆ ಅಂತ ಸರಿಯಾಗಿ ಗೊತ್ತಾಗುತ್ತಿತ್ತು. ಏಪ್ರಿಲ್‌ನಲ್ಲಿ ಅಪ್ಪ, ಹಿಂದೆ ಅವನ ಜೊತೆ ಲೋಡು ತುಂಬುತ್ತಿದ್ದ ಇಬ್ಬರು ಸೇರಿಕೊಂಡು ಆ ಗುಂಡಿಗಳ ಅಂಚಿಗೆ ಬಿದಿರು ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ಒಟ್ಟು ಹನ್ನೊಂದು. ಎಮ್ಮೆ ಇಳಿಸುವ ಕಡೆ, ಬಟ್ಟೆ ಒಗೆಯುವ ಕಡೆ, ಗಣಪತಿ ಬಿಡುವ ಕಡೆ. ಕೆಲವರು ನಕ್ಕರು. ಆ ಹುಡುಗನ ಅಪ್ಪ ಬಂದು ದಂಡೆಯಲ್ಲಿ ಕೂತಿದ್ದ. ಏನೂ ಕೇಳಲಿಲ್ಲ. ಕೊನೆಯ ಎರಡು ಗಳ ಅವನೇ ಹಿಡಿದುಕೊಟ್ಟ.

ಜುಲೈನಲ್ಲಿ ಕೊಡಗಿನಲ್ಲಿ ಭಾರಿ ಮಳೆ ಆಯಿತು. ಕೆಆರ್‌ಎಸ್ ತುಂಬಿತು. ನಮ್ಮೂರ ಹೊಳೆ ದಂಡೆ ಮೀರಿ ಹರಿಯಿತು. ಹನ್ನೊಂದು ಗಳದಲ್ಲಿ ಒಂಬತ್ತು ಕೊಚ್ಚಿಹೋದವು. ನೀರು ಇಳಿದ ಮೇಲೆ ಅಪ್ಪ ಮತ್ತೆ ನೆಟ್ಟ. ಈಗ ಪ್ರತಿ ಸಲ ಹೊಳೆ ಇಳಿದಾಗಲೂ ನೆಡುತ್ತಾನೆ. ಒಂದೆರಡು ಕಡೆ ಬೊಗಸೆಯಷ್ಟು ಹೊಸ ಮರಳು ನಿಂತಿದೆ ಅಂತ ಹೋದ ತಿಂಗಳು ಫೋನ್ ಮಾಡಿ ಹೇಳಿದ. ಎಷ್ಟು ಅಂತ ಕೇಳಿದೆ. "ಒಂದು ಚಾಪೆ ಹಾಸೋವಷ್ಟು" ಅಂದ.

ನಿಮ್ಮೂರ ಹೊಳೆಯಲ್ಲೂ ಇಂಥ ಗುಂಡಿಗಳಿದ್ದರೆ, ಅವು ಎಲ್ಲಿವೆ ಅಂತ ತೆಗೆದವರಿಗೆ ಗೊತ್ತಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವರನ್ನೇ ಕರೆದುಕೊಂಡು ಹೋಗಿ ಗುರುತು ಹಾಕಿಸಿ. ಜಗಳ ಆಡಬೇಕಾಗಿಲ್ಲ. ಕೇಳಿದರೆ ಬರುತ್ತಾರೆ ಅಂತ ನನಗೆ ಈಗ ಅನ್ನಿಸುತ್ತದೆ.

ಇದನ್ನು ಬರೆಯುವ ಮೊದಲು ಅಪ್ಪನಿಗೆ ಓದಿ ಹೇಳಿದೆ. ಹೆಸರು ಹಾಕಲ್ಲ ಅಂದೆ. "ಹಾಕುದ್ರೂ ಹಾಕು" ಅಂದ. ಹಾಕಿಲ್ಲ. ಆಮೇಲೆ ಕೇಳಿದ, "ಆ ಆಮೆ ಮರಿ ಆದ್ವಂತಾ?"

ಗೆಳತಿಯನ್ನು ಕೇಳಿದೆ. ಆ ಬಲೆಯೊಳಗಿನ ಗೂಡಿನಿಂದ ಮರಿಗಳು ಹೊರಬಂದು ಕಡಲಿಗೆ ಇಳಿದವಂತೆ. ಅಪ್ಪನಿಗೆ ಹೇಳಿದೆ. "ಸರಿ ಬುಡು, ಹಂಗಾದ್ರೆ ಮತ್ತೆ ಬತ್ತವೆ" ಅಂದ.